ಉತ್ತರ ಕರ್ನಾಟಕದ ಮಹಿಳಾ ಉದ್ಯಮ: ಸಂಘದ ಸಾಲದಿಂದ ಮುಂದಿನ ಮೆಟ್ಟಿಲು

ಹುಬ್ಬಳ್ಳಿ, ವಿಜಯಪುರ, ಬಾಗಲಕೋಟೆ ಅಥವಾ ಕಲಬುರಗಿಯ ಖಾನಾವಳಿಯೊಂದರಲ್ಲಿ ತಾಟಿಗೆ ಬೀಳುವ ಖಡಕ್ ರೊಟ್ಟಿ ಆ ಖಾನಾವಳಿಯ ಒಲೆಯ ಮೇಲೆಯೇ ಬೆಂದಿರಬೇಕೆಂದಿಲ್ಲ. ಅನೇಕ ಸಲ ಅದು ಊರಿನ ಯಾವುದೋ ಓಣಿಯ ಮನೆಯಲ್ಲಿ ನಾಲ್ಕಾರು ಹೆಣ್ಣುಮಕ್ಕಳು ಬಡಿದು, ಬೇಯಿಸಿ, ಒಣಗಿಸಿ ಕಳುಹಿಸಿದ ರೊಟ್ಟಿಯಾಗಿರುತ್ತದೆ. ಜಾತ್ರೆ, ಮದುವೆ, ಮಠಗಳ ದಾಸೋಹ, ಬೆಂಗಳೂರು-ಪುಣೆಗಳಲ್ಲಿ ನೆಲೆಸಿದ ಈ ಭಾಗದ ಜನರ ಮನೆಗಳು ಎಲ್ಲವೂ ಈ ರೊಟ್ಟಿಗೆ ಮಾರುಕಟ್ಟೆಯೇ. ಇದರ ಜೊತೆಗೆ ಶೇಂಗಾ, ಗುರೆಳ್ಳು, ಅಗಸಿ ಚಟ್ನಿಪುಡಿಗಳ ವ್ಯಾಪಾರವೂ ಬೆಳೆದಿದೆ. ಆದರೂ ಇದನ್ನು ಉದ್ಯಮ ಎಂದು ಕರೆಯುವವರು ಕಡಿಮೆ. ಮಾಡುವವರೇ ಕರೆಯುವುದಿಲ್ಲ, 'ಮನ್ಯಾಗ ರೊಟ್ಟಿ ಮಾಡಿ ಕೊಡತೀವಿ' ಎಂದಷ್ಟೇ ಹೇಳುತ್ತಾರೆ.

ಮಹಿಳಾ ಉದ್ಯಮಶೀಲತೆಗೆ ಪ್ರೋತ್ಸಾಹ ಎಂಬ ಮಾತು ರಾಜ್ಯಕ್ಕೆ ಹೊಸದಲ್ಲ. ಮಹಿಳಾ ಉದ್ಯಮಿಗಳ ಸಂಘವಾದ 'ಅವೇಕ್' 1983ರಲ್ಲಿಯೇ ಬೆಂಗಳೂರಿನಲ್ಲಿ ಸ್ಥಾಪನೆಯಾಯಿತು. ಸ್ವಉದ್ಯೋಗ ತರಬೇತಿಗೆ ದೇಶಕ್ಕೇ ಮಾದರಿಯಾದ ರುಡ್‌ಸೆಟಿ ಅದಕ್ಕೂ ಒಂದು ವರ್ಷ ಮೊದಲು ಉಜಿರೆಯಲ್ಲಿ ಆರಂಭವಾಗಿತ್ತು. ರಾಜ್ಯ ಮಹಿಳಾ ಅಭಿವೃದ್ಧಿ ನಿಗಮ 1987ರಲ್ಲಿ ಬಂತು. ಮೈರಾಡ ಸಂಸ್ಥೆಯ ಸಾಲ ಗುಂಪುಗಳ ಅನುಭವವನ್ನೂ ಗಮನಿಸಿ ನಬಾರ್ಡ್ 1992ರಲ್ಲಿ 500 ಸ್ವಸಹಾಯ ಗುಂಪುಗಳನ್ನು ಬ್ಯಾಂಕುಗಳಿಗೆ ಜೋಡಿಸುವ ಪ್ರಯೋಗಕ್ಕೆ ಕೈಹಾಕಿತು. 2000-01ರಲ್ಲಿ ಆರಂಭವಾದ ಸ್ತ್ರೀಶಕ್ತಿ ಯೋಜನೆಯು ಅಂಗನವಾಡಿ ಕಾರ್ಯಕರ್ತೆಯರ ಮೂಲಕ ಹಳ್ಳಿ ಹಳ್ಳಿಗೂ ಸಂಘವನ್ನು ಮುಟ್ಟಿಸಿತು. ವಾರದ ಉಳಿತಾಯ, ನಡಾವಳಿ ಪುಸ್ತಕ, ಬ್ಯಾಂಕಿನ ಮೆಟ್ಟಿಲು ಹತ್ತಿ ವ್ಯವಸ್ಥಾಪಕರೊಡನೆ ಮಾತನಾಡುವ ಧೈರ್ಯ ಇವೆಲ್ಲ ಆ ಸಂಘಗಳು ಕೊಟ್ಟ ನಿಜವಾದ ಗಳಿಕೆ.

ಈ ಭಾಗಕ್ಕೆ ಅದರ ಮಹತ್ವ ಇನ್ನೂ ಹೆಚ್ಚು. ಪ್ರಾದೇಶಿಕ ಅಸಮತೋಲನ ಕುರಿತು ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಸಲ್ಲಿಸಿದ ವರದಿಯು ಅತ್ಯಂತ ಹಿಂದುಳಿದವು ಎಂದು ಗುರುತಿಸಿದ 39 ತಾಲ್ಲೂಕುಗಳಲ್ಲಿ 26 ಉತ್ತರ ಕರ್ನಾಟಕದವು. ಅವುಗಳಲ್ಲಿಯೂ 21 ಅಂದಿನ ಗುಲ್ಬರ್ಗ ವಿಭಾಗದವು. ಕಾರ್ಖಾನೆಗಳು ವಿರಳವಾಗಿರುವ, ಮಳೆ ಕೈಕೊಟ್ಟರೆ ಗುಳೆ ಹೋಗುವ ತಾಲ್ಲೂಕಿನಲ್ಲಿ ಮನೆಯ ಹೆಣ್ಣುಮಗಳು ತಿಂಗಳಿಗೆ ತರುವ ಕೆಲವು ಸಾವಿರ ರೂಪಾಯಿ ಮಕ್ಕಳ ಓದು ನಿಲ್ಲದಂತೆ ನೋಡಿಕೊಳ್ಳುವ ಹಣ.

ಹಾಗಾದರೆ ಎರಡು ದಶಕಗಳ ಸಂಘ, ಸಾಲ, ತರಬೇತಿಗಳ ನಂತರವೂ ಬಹುಪಾಲು ಇಂತಹ ಘಟಕಗಳು ನಾಲ್ಕು ಕೈಗಳ ಕೆಲಸವಾಗಿಯೇ ಉಳಿದಿರುವುದೇಕೆ? ಕಾರಣವನ್ನು ಹೆಣ್ಣುಮಕ್ಕಳ ಅಂಜಿಕೆಯಲ್ಲಿ ಅಥವಾ ಕೌಶಲದ ಕೊರತೆಯಲ್ಲಿ ಹುಡುಕುವುದು ಸಭೆಗಳಲ್ಲಿ ರೂಢಿ. ರೊಟ್ಟಿಯ ವ್ಯಾಪಾರದ ಲೆಕ್ಕವನ್ನು ನೋಡಿದರೆ ಬೇರೆಯೇ ಸಂಗತಿ ಕಾಣುತ್ತದೆ.

ಬಿಳಿಜೋಳ ಹಿಂಗಾರಿ ಬೆಳೆ. ಸುಗ್ಗಿಯಲ್ಲಿ ಕೊಂಡರೆ ಅಗ್ಗ, ಮಳೆಗಾಲದ ಹೊತ್ತಿಗೆ ತುಟ್ಟಿ. ಹಿಟ್ಟನ್ನು ಬೀಸಿ ಬಹಳ ದಿನ ಇಡುವಂತಿಲ್ಲ. ಹಳತಾದರೆ ಜಿಗಿ ಕಡಿಮೆಯಾಗಿ ಬಡಿಯುವಾಗಲೇ ರೊಟ್ಟಿ ಹರಿಯುತ್ತದೆ. ಆದ್ದರಿಂದ ಕಾಳನ್ನೇ ಕೊಂಡು ಕೂಡಿಟ್ಟು, ಬೇಕಾದಷ್ಟನ್ನೇ ಗಿರಣಿಗೆ ಒಯ್ಯಬೇಕು. ಅಂದರೆ ವರ್ಷದ ಕಾಳಿಗೆ ಸುಗ್ಗಿಯಲ್ಲಿಯೇ ಹಣ ಬೇಕು. ಇಲ್ಲದವರು ವಾರ ವಾರ ಅಂಗಡಿಯ ದರದಲ್ಲಿ ಕೊಳ್ಳುತ್ತಾರೆ. ಲಾಭದ ಒಂದು ಪಾಲು ಅಲ್ಲಿಯೇ ಹೋಗುತ್ತದೆ. ಕಟ್ಟಿಗೆ ಅಥವಾ ಗ್ಯಾಸು, ಮುರಿದ ರೊಟ್ಟಿಯ ನಷ್ಟ, ಮಳೆಗಾಲದಲ್ಲಿ ಒಣಗದ ತೊಂದರೆ ಇವುಗಳ ಮೇಲೆ ಮತ್ತೆ ಉದ್ರಿ. ದಿನಕ್ಕೆ ಸಾವಿರ ರೂಪಾಯಿಯ ರೊಟ್ಟಿ ಕೊಡುವ ಗುಂಪಿಗೆ ಖಾನಾವಳಿಯವರು ಹದಿನೈದು ದಿನಕ್ಕೊಮ್ಮೆ ಲೆಕ್ಕ ಮುಗಿಸುತ್ತಾರೆಂದು ಇಟ್ಟುಕೊಳ್ಳೋಣ. ಲೆಕ್ಕ ಮುಗಿಯುವ ಹೊತ್ತಿಗೆ 15 ಸಾವಿರ ರೂಪಾಯಿ ಹೊರಗೆ ನಿಂತಿರುತ್ತದೆ. ವ್ಯಾಪಾರ ಐದು ಪಟ್ಟು ಬೆಳೆದು, ನಗರದ ದೊಡ್ಡ ಅಂಗಡಿಯೊಂದು 45 ದಿನಕ್ಕೆ ಹಣ ಕೊಡುವ ಕರಾರಿನಲ್ಲಿ ಸರಕು ಕೊಂಡರೆ ಹೊರಗೆ ನಿಲ್ಲುವ ಹಣ 2 ಲಕ್ಷ 25 ಸಾವಿರ. ವ್ಯಾಪಾರ ಬೆಳೆದಷ್ಟೂ ಕೈ ಬರಿದಾಗುವ ವಿಚಿತ್ರವಿದು. ಒಳ್ಳೆಯ ಬೇಡಿಕೆ ಬಂದಾಗ 'ಆಗೂದಿಲ್ರಿ' ಎಂದು ಹೆಣ್ಣುಮಕ್ಕಳು ಹಿಂದೆ ಸರಿಯುವುದು ಧೈರ್ಯ ಸಾಲದೆ ಅಲ್ಲ, ಲೆಕ್ಕ ಬಲ್ಲವರಾದ್ದರಿಂದ.

ಈ ಹಂತಕ್ಕೆ ಬೇಕಾದ ಹಣ ಸಂಘದಲ್ಲಿ ಹುಟ್ಟುವುದಿಲ್ಲ. ಸಂಘಕ್ಕೆ ಬಂದ ಬ್ಯಾಂಕಿನ ಸಾಲ ಹತ್ತು ಹದಿನೈದು ಸದಸ್ಯರಲ್ಲಿ ಹಂಚಿಹೋಗುತ್ತದೆ. ಒಬ್ಬಳಿಗೇ ಹೆಚ್ಚು ಕೊಡುವುದು ಉಳಿದವರಿಗೆ ನ್ಯಾಯವೆನಿಸುವುದಿಲ್ಲ, ಅದು ತಪ್ಪೂ ಅಲ್ಲ. ನಿಗಮದ ಉದ್ಯೋಗಿನಿ ಯೋಜನೆ 1997-98ರಲ್ಲಿ ಆರಂಭವಾದಾಗ ಲೇವಾದೇವಿಗಾರರ ಬಡ್ಡಿಯಿಂದ ಹೆಣ್ಣುಮಕ್ಕಳನ್ನು ಬಿಡಿಸುವುದು ಅದರ ಆಶಯವಾಗಿತ್ತು. ಸಾಲದ ಮಿತಿಯನ್ನು ನಂತರ 3 ಲಕ್ಷ ರೂಪಾಯಿಗೆ ಏರಿಸಲಾಯಿತು. ಪರಿಶಿಷ್ಟ ಜಾತಿ, ಪಂಗಡದವರಿಗೆ ಅರ್ಧದಷ್ಟು, ಸಾಮಾನ್ಯ ವರ್ಗದವರಿಗೆ ಶೇ 30ರಷ್ಟು ಸಹಾಯಧನ ಗೊತ್ತುಪಡಿಸಲಾಯಿತು. ಆದರೆ ಅದಕ್ಕೆ ಕುಟುಂಬದ ವಾರ್ಷಿಕ ಆದಾಯದ ಮಿತಿಯಿದೆ. ದುಡಿದು ಸ್ವಲ್ಪ ಮೇಲೆದ್ದವಳು ಯೋಜನೆಯಿಂದ ಹೊರಗಾಗುತ್ತಾಳೆ, ಬ್ಯಾಂಕಿನ ಕಣ್ಣಿಗೆ ಮಾತ್ರ ಇನ್ನೂ ಬಿದ್ದಿರುವುದಿಲ್ಲ. 2015ರಲ್ಲಿ ಬಂದ ಮುದ್ರಾ ಸಾಲದಲ್ಲಿಯೂ ಇದೇ ಚಿತ್ರ: ಖಾತೆಗಳಲ್ಲಿ ಮೂರರಲ್ಲಿ ಎರಡಕ್ಕೂ ಹೆಚ್ಚು ಮಹಿಳೆಯರವು, ಹಣದಲ್ಲಿ ಅವರ ಪಾಲು ಅರ್ಧಕ್ಕಿಂತ ಕಡಿಮೆ.

ಸೂಕ್ಷ್ಮ, ಸಣ್ಣ ಘಟಕಗಳಿಗೆ 10 ಲಕ್ಷ ರೂಪಾಯಿವರೆಗಿನ ಸಾಲಕ್ಕೆ ಅಡಮಾನ ಕೇಳಕೂಡದೆಂದು ರಿಸರ್ವ್ ಬ್ಯಾಂಕ್ 2010ರಲ್ಲಿಯೇ ಸೂಚಿಸಿತ್ತು. ಶಾಖೆಯಲ್ಲಿ ನಡೆಯುವ ಮಾತುಕತೆ ಮಾತ್ರ 'ಆಸ್ತಿ ಯಾರ ಹೆಸರಿನಲ್ಲಿದೆ?' ಎಂಬಲ್ಲಿಂದಲೇ ಶುರುವಾಗುವುದುಂಟು. ಪಹಣಿ ಮಾವನ ಹೆಸರಿನಲ್ಲಿ, ಮನೆಯ ಉತಾರ ಗಂಡನ ಹೆಸರಿನಲ್ಲಿ. ತವರಿನ ಪಾಲು? ಕರ್ನಾಟಕ ಈ ವಿಷಯದಲ್ಲಿ ದೇಶಕ್ಕಿಂತ ಮುಂದಿತ್ತು. ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಸಮಪಾಲು ಕೊಡುವ ಹಿಂದೂ ಉತ್ತರಾಧಿಕಾರ ತಿದ್ದುಪಡಿ ರಾಜ್ಯದಲ್ಲಿ 1994ರಲ್ಲಿ ಜಾರಿಗೆ ಬಂತು, ಕೇಂದ್ರದ ತಿದ್ದುಪಡಿ ಬಂದುದು 2005ರಲ್ಲಿ. ಈ ಹಕ್ಕು ಹುಟ್ಟಿನಿಂದಲೇ ಬರುವುದೆಂದು ಸರ್ವೋಚ್ಚ ನ್ಯಾಯಾಲಯ 2020ರಲ್ಲಿ ಸ್ಪಷ್ಟಪಡಿಸಿತು. ಆದರೂ ತವರು ಮುರಿಯಬಾರದೆಂದು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕುವವರು ಇಂದಿಗೂ ಇದ್ದಾರೆ. ಪಂಚಮಿಗೆ ಕರೆಯಲು ಬರುವ ಅಣ್ಣ ಬೇಕೋ, ಎರಡೆಕರೆ ಎರಿ ಹೊಲ ಬೇಕೋ ಎಂಬ ಪ್ರಶ್ನೆಗೆ ಕಾನೂನಿನ ಪುಸ್ತಕದಲ್ಲಿ ಉತ್ತರವಿಲ್ಲ.

ಉದ್ರಿಯ ವಿಷಯದಲ್ಲಿ ಕಾನೂನು ಇದೆ, ಗೊತ್ತಿರುವವರು ಕಡಿಮೆ. 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಕಾಯಿದೆಯ ಪ್ರಕಾರ, ಸಣ್ಣ ಘಟಕದಿಂದ ಸರಕು ಕೊಂಡವರು ಬರಹದ ಕರಾರು ಇದ್ದರೂ 45 ದಿನ ಮೀರಿಸುವಂತಿಲ್ಲ. ಕರಾರು ಇಲ್ಲದಿದ್ದರೆ 15 ದಿನ. ಮೀರಿದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ತೆರಬೇಕು. ಈ ರಕ್ಷಣೆ ಸುಲಭವಾಗಿ ಸಿಗಬೇಕಾದರೆ ಘಟಕಕ್ಕೆ 2020ರಿಂದ ಜಾರಿಯಲ್ಲಿರುವ ಉದ್ಯಮ್ ನೋಂದಣಿ ಇರಬೇಕು. ಅದಕ್ಕೆ ಶುಲ್ಕವಿಲ್ಲ. ಆದರೆ ನೋಂದಣಿಯನ್ನು ಗಂಡನ ಹೆಸರಿನಲ್ಲಿ ಮಾಡಿಸಿದರೆ, ಸರಕಾರಿ ಖರೀದಿಯಲ್ಲಿ ಮಹಿಳೆಯರ ಘಟಕಗಳಿಗೆಂದು 2018ರಲ್ಲಿ ಗೊತ್ತುಪಡಿಸಿದ ಶೇ 3ರ ಪಾಲಿಗೆ ಆ ಘಟಕ ಲೆಕ್ಕಕ್ಕೆ ಬರುವುದಿಲ್ಲ. ಬಡಿಯುವವಳು ಒಬ್ಬಳು, ಕಾಗದದಲ್ಲಿ ಇನ್ನೊಬ್ಬರು.

ಮಾರುಕಟ್ಟೆಯನ್ನು ಸರಕಾರವೇ ಹುಡುಕಿಕೊಟ್ಟರೆ ಏನಾಗಬಹುದೆಂಬುದಕ್ಕೆ ಕಲಬುರಗಿಯಲ್ಲಿ ಒಂದು ಉದಾಹರಣೆಯಿದೆ. ಅಲ್ಲಿನ ಜಿಲ್ಲಾಡಳಿತದ ಬೆಂಬಲದಿಂದ ಮಹಿಳಾ ಗುಂಪುಗಳ ರೊಟ್ಟಿ 'ಕಲಬುರಗಿ ರೊಟ್ಟಿ' ಎಂಬ ಒಂದೇ ಹೆಸರಿನಡಿ ಹೊರ ಊರುಗಳಿಗೂ ಹೋಗತೊಡಗಿತು. 2025ರ ಜೂನ್ ತಿಂಗಳ 'ಮನ್ ಕಿ ಬಾತ್' ಭಾಷಣದಲ್ಲಿ ಪ್ರಧಾನಿಯವರು ಅದನ್ನು ಪ್ರಸ್ತಾಪಿಸಿದರು. ಒಂದೊಂದು ಮನೆಯೂ ಬೇರೆ ಬೇರೆಯಾಗಿ ಗಿರಾಕಿಯನ್ನು ಹುಡುಕುವುದಕ್ಕಿಂತ ಹೆಸರು, ಪೊಟ್ಟಣ, ಸಾಗಣೆ ಒಂದಾಗುವುದು ಎಷ್ಟೋ ಮೇಲು. ಸಂಡೂರಿನ ಲಂಬಾಣಿ ಕಸೂತಿಯೂ ಕುಶಲ ಕಲಾ ಕೇಂದ್ರದ ಮೂಲಕ ಇಂತಹುದೇ ದಾರಿಯಲ್ಲಿ ನಡೆದು ಭೌಗೋಳಿಕ ಸೂಚ್ಯಂಕ ಪಡೆಯಿತು.

ಈಗ ಇನ್ನೊಂದು ಬದಲಾವಣೆ ಹೊಸ್ತಿಲಲ್ಲಿದೆ. ರೊಟ್ಟಿ ಮಾಡುವ ಯಂತ್ರಗಳು ಪೇಟೆಗೆ ಬಂದಿವೆ. ತಿನ್ನುವವರು ಕೈರೊಟ್ಟಿಯ ರುಚಿಯೇ ಬೇರೆ ಎನ್ನುತ್ತಾರೆ, ನಿಜವೂ ಹೌದು. ಆದರೆ ಸಾವಿರಗಟ್ಟಲೆ ರೊಟ್ಟಿ ಬೇಕಾದವನು ಯಂತ್ರದ ಕಡೆಗೇ ನೋಡುತ್ತಾನೆ. ಅದನ್ನು ಕೊಂಡವರು ಮಾಲೀಕರಾಗುತ್ತಾರೆ, ಕೊಳ್ಳದವರು ಅದೇ ಯಂತ್ರದ ಮುಂದೆ ದಿನಗೂಲಿಗೆ ನಿಲ್ಲುತ್ತಾರೆ. ಕಿರು ಆಹಾರ ಸಂಸ್ಕರಣಾ ಘಟಕಗಳಿಗಾಗಿ 2020ರಲ್ಲಿ ಕೇಂದ್ರ ಆರಂಭಿಸಿದ ಯೋಜನೆಯಲ್ಲಿ ಶೇ 35 ಸಹಾಯಧನವಿತ್ತು, ರಾಜ್ಯ ಅದಕ್ಕೆ ಶೇ 15 ಸೇರಿಸಿತು. ಸ್ವಸಹಾಯ ಸಂಘದ ಸದಸ್ಯೆಯರಿಗೆ ತಲಾ 40 ಸಾವಿರ ರೂಪಾಯಿವರೆಗೆ ಬೀಜಧನವೂ ಇತ್ತು. ಆದರೆ ಸಹಾಯಧನ ಮೊದಲೇ ಕೈಗೆ ಬರುವ ಹಣವಲ್ಲ. ಶೇ 10ರಷ್ಟನ್ನು ಫಲಾನುಭವಿ ಹಾಕಬೇಕು, ಉಳಿದುದಕ್ಕೆ ಬ್ಯಾಂಕು ಸಾಲ ಮಂಜೂರು ಮಾಡಬೇಕು. ಸಹಾಯಧನವು ಬ್ಯಾಂಕಿನಲ್ಲಿಯೇ ಇದ್ದು, ಕಂತು ಸರಿಯಾಗಿ ಕಟ್ಟಿದರೆ ಮೂರು ವರ್ಷದ ಮೇಲೆ ಸಾಲಕ್ಕೆ ಜಮೆಯಾಗುತ್ತದೆ. ಬ್ಯಾಂಕು ಮನಸ್ಸು ಮಾಡದಿದ್ದರೆ ಯೋಜನೆಯ ಬಾಗಿಲು ತೆರೆದಿದ್ದೂ ಪ್ರಯೋಜನವಿಲ್ಲ. ಹದಿನೈದು ಇಪ್ಪತ್ತು ವರ್ಷ ಸಂಘದ ಕಂತನ್ನು ಒಂದು ದಿನವೂ ತಪ್ಪಿಸದ ಹೆಣ್ಣುಮಗಳ ನಡಾವಳಿ ಪುಸ್ತಕವನ್ನು ಆಕೆಯ ಸ್ವಂತ ಸಾಲದ ಅರ್ಜಿಯ ಜೊತೆ ಇಟ್ಟು ನೋಡುವ ಪದ್ಧತಿ ಶಾಖೆಗಳಲ್ಲಿ ಇನ್ನೂ ಬೇರೂರಿಲ್ಲ. ಯಂತ್ರ ಮಾರುವವರು ಮಾತ್ರ ಓಣಿ ಓಣಿಗೂ ಬರುತ್ತಿದ್ದಾರೆ.