ಬಾಗಿದ ಮರ ಎದ್ದು ನಿಲ್ಲಲು ಪಡುವ ಪಾಡು

ಕಳೆದ ಮಾರ್ಗಶಿರದಲ್ಲಿ ನಮ್ಮ ಸಂಘದ ಕೆಲವು ಮಂದಿ ದತ್ತ ಜಯಂತಿಗೆಂದು ಬೀದರ ಜಿಲ್ಲೆಯ ಮಾಣಿಕನಗರಕ್ಕೆ ಹೋಗಿದ್ದೆವು. ಹುಮನಾಬಾದಿನ ಪಕ್ಕದ ಈ ಊರು ಮಾಣಿಕಪ್ರಭುಗಳ ಸಂಸ್ಥಾನದಿಂದ ಹೆಸರಾದುದು. ಅಲ್ಲಿ ಕಾಫಿಯಿಲ್ಲ, ಅಡಿಕೆಯಿಲ್ಲ. ಜೋಳ, ತೊಗರಿಗಳ ಸೀಮೆ. ಆದರೂ ಬೆಳೆಗಾರನ ಕಣ್ಣು ಎಲ್ಲಿಗೆ ಹೋದರೂ ಮರದ ಮೇಲೆಯೇ. ಹೊಲದ ಬದುವಿನಲ್ಲಿ ಆಗಷ್ಟೇ ಕಡಿದಿದ್ದ ಬೇವಿನ ಮರದ ಬುಡವೊಂದು ನಮ್ಮನ್ನು ನಿಲ್ಲಿಸಿತು. ತಿರುಳು ನಟ್ಟನಡುವೆ ಇರಲಿಲ್ಲ. ಒಂದು ಬದಿಗೆ ಸರಿದಿತ್ತು. ಒಂದು ಕಡೆ ಮರ ಒಂದು ಗೇಣು ಬೆಳೆದಿದ್ದರೆ ಇನ್ನೊಂದು ಕಡೆ ನಾಲ್ಕು ಬೆರಳು. ವಿಚಾರಿಸಿದರೆ, ಮರ ಬಹಳ ವರ್ಷಗಳಿಂದ ದಾರಿಯ ಕಡೆಗೆ ವಾಲಿತ್ತಂತೆ.

ಇಂಥ ಬುಡಗಳನ್ನು ನಮ್ಮ ತೋಟಗಳಲ್ಲಿ ಸಿಲ್ವರ್ ಮರ ಕಡಿಸಿದಾಗಲೂ ನೋಡಿದ್ದೇವೆ. ಮರದ ವ್ಯಾಪಾರಿ ಬಂದು ಒಂದು ಸುತ್ತು ಹಾಕಿ, “ಇದು ವಾಲಿದೆ, ಇದಕ್ಕೆ ಈ ರೇಟಿಲ್ಲ” ಎಂದಾಗ ನಾವು ಅವನು ಚೌಕಾಶಿಗೆ ಹೇಳುತ್ತಾನೆಂದು ತಿಳಿಯುತ್ತೇವೆ. ಚೌಕಾಶಿ ಇಲ್ಲವೆಂದಲ್ಲ. ಆದರೆ ಅವನ ಮಾತಿನಲ್ಲಿ ನಿಜವೂ ಇದೆ. ಆ ನಿಜವೇನು, ನಮ್ಮ ಕೈಯಲ್ಲಿ ಆಗುವುದೇನು ಎಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

ಎಳೆಯುವ ಮರ, ತಳ್ಳುವ ಮರ

ಎಳೆಯ ಸಸಿ ಬಾಗಿದರೆ ಅದರ ಹಸಿರು ತುದಿ ಒಂದೆರಡು ದಿನದಲ್ಲೇ ಮೇಲಕ್ಕೆ ತಿರುಗುತ್ತದೆ. ಆದರೆ ಗಟ್ಟಿಯಾದ ಕಾಂಡ ಹಾಗೆ ತಿರುಗಲಾರದು. ಅದಕ್ಕೆ ಇರುವ ದಾರಿ ಒಂದೇ: ತೊಗಟೆಯ ಕೆಳಗಿನ ಕ್ಯಾಂಬಿಯಂ ಎಂಬ ಬೆಳೆಯುವ ಪದರದಿಂದ ಹೊಸ ಮರವನ್ನು ಕಟ್ಟಿ, ಆ ಹೊಸ ಮರದ ಬಲದಿಂದಲೇ ಹಳೆಯ ಕಾಂಡವನ್ನು ಸ್ವಲ್ಪಸ್ವಲ್ಪವಾಗಿ ಎತ್ತುವುದು.

ಬೇವು, ನೀಲಗಿರಿ, ಹಲಸು ಮುಂತಾದ ಅಗಲ ಎಲೆಯ ಮರಗಳು ವಾಲಿದಾಗ ಸಾಮಾನ್ಯವಾಗಿ ಕಾಂಡದ ಮೇಲು ಬದಿಯಲ್ಲಿ ವಿಶೇಷ ಬಗೆಯ ಮರ ಬೆಳೆಯುತ್ತದೆ. ಇದನ್ನು ಎಳೆತದ ಮರ ಎನ್ನಬಹುದು. ಅದರ ನಾರುಗಳು ಬಲಿಯುವಾಗ ಉದ್ದಕ್ಕೆ ಕುಗ್ಗಲು ಹವಣಿಸುತ್ತವೆ. ವಾಲಿದ ಕಂಬಕ್ಕೆ ಹಿಂದಿನಿಂದ ಹಗ್ಗ ಕಟ್ಟಿ ಬಿಗಿದಂತೆ, ಮರ ತನ್ನನ್ನು ತಾನೇ ಮೇಲಕ್ಕೆ ಎಳೆದುಕೊಳ್ಳುತ್ತದೆ. ಪೈನ್ ಜಾತಿಯ ಮರಗಳದು ತಿರುವುಮುರುವು. ಅವು ಕೆಳಬದಿಯಲ್ಲಿ ಗಟ್ಟಿಯಾದ, ಕೆಂಪು ಛಾಯೆಯ ಮರವನ್ನು ಕಟ್ಟಿ ಕೆಳಗಿನಿಂದ ತಳ್ಳುತ್ತವೆ. ಒಂದು ಹಗ್ಗದ ಉಪಾಯ, ಇನ್ನೊಂದು ಊರೆಯ ಉಪಾಯ.

ಕಾಂಡ ಒಂದು ಕಡೆ ಹಿಗ್ಗಿ ಇನ್ನೊಂದು ಕಡೆ ಒತ್ತಿದ್ದರಿಂದ ಹೀಗಾಗುತ್ತದೆಯೋ, ಭೂಮಿಯ ಸೆಳೆತದಿಂದಲೋ ಎಂಬ ಪ್ರಶ್ನೆ ಬಹಳ ಹಿಂದೆಯೇ ಎದ್ದಿತ್ತು. ಎಳೆಯ ಕಾಂಡವನ್ನು ಬಳೆಯಂತೆ ಪೂರ್ತಿ ಸುತ್ತು ಬಾಗಿಸಿ ಕಟ್ಟಿ ನೋಡಿದರು. ಬಳೆಯ ಮೇಲಿನ ಕಮಾನಿನಲ್ಲಿ ಮೇಲುಬದಿ ಹಿಗ್ಗಿರುತ್ತದೆ. ಕೆಳಗಿನ ಕಮಾನಿನಲ್ಲಿ ಮೇಲುಬದಿ ಒತ್ತಿರುತ್ತದೆ. ಆದರೂ ಅಗಲ ಎಲೆಯ ಮರದಲ್ಲಿ ಎರಡು ಕಡೆಯೂ ಎಳೆತದ ಮರ ಬಂದದ್ದು ಆಕಾಶಕ್ಕೆ ಮುಖಮಾಡಿದ ಬದಿಯಲ್ಲೇ. ಮರ ನೋಡುವುದು ಮುಖ್ಯವಾಗಿ ಮೇಲು ಯಾವುದು, ಕೆಳಗು ಯಾವುದು ಎಂಬುದನ್ನು. ಅದನ್ನು ತಿಳಿಯಲು ಕಾಂಡದ ಕೆಲವು ಕಣಗಳಲ್ಲಿ ಪಿಷ್ಟದ ಹರಳುಗಳಿವೆ. ಕಾಂಡ ವಾಲಿದರೆ ಅವು ಜಾರಿ ಹೊಸ ತಳಕ್ಕೆ ಕೂರುತ್ತವೆ.

ಅಪ್ಪಣೆ ಕೊಡುವ ಹಾರ್ಮೋನುಗಳು

ಹರಳು ಜಾರಿದ ಸುದ್ದಿಯನ್ನು ಕ್ಯಾಂಬಿಯಂಗೆ ಮುಟ್ಟಿಸುವವು ಹಾರ್ಮೋನುಗಳು, ಅಂದರೆ ಸಸ್ಯಚೋದಕಗಳು. ಇವುಗಳಲ್ಲಿ ಮೂರು ಮುಖ್ಯ. ಮೂರೂ ಬೆಳೆಗಾರರಿಗೆ ಬೇರೆ ರೂಪದಲ್ಲಿ ಪರಿಚಿತವೇ.

ಮೊದಲನೆಯದು ಆಕ್ಸಿನ್. ಕಾಫಿ ಗಿಡದ ತಲೆ ಚಿವುಟಿದೊಡನೆ ಕೆಳಗಿನಿಂದ ಕಂಬಚಿಗುರು ನುಗ್ಗುವುದು ಏಕೆ? ತುದಿಯಿಂದ ಇಳಿದುಬರುತ್ತಿದ್ದ ಆಕ್ಸಿನ್ನಿನ ಹಿಡಿತ ತಪ್ಪಿದ್ದರಿಂದ. ಕಾಯಿ ಉದುರುವುದನ್ನು ತಡೆಯಲು ಸಿಂಪಡಿಸುವ ಪ್ಲಾನೋಫಿಕ್ಸ್ ಕೂಡ ಕೃತಕವಾಗಿ ತಯಾರಿಸಿದ ಆಕ್ಸಿನ್ನೇ. ಎರಡನೆಯದು ಜಿಬ್ಬರೆಲಿನ್. ಭತ್ತದ ಸಸಿಮಡಿಯಲ್ಲಿ ಕೆಲವು ಸಸಿಗಳು ಬಿಳಿಚಿಕೊಂಡು ಉದ್ದುದ್ದ ಬೆಳೆದು ಸಾಯುವ ರೋಗವುಂಟಲ್ಲ, ಅದಕ್ಕೆ ಕಾರಣವಾದ ಬೂಷ್ಟು ಸ್ರವಿಸುವ ವಸ್ತುವಿನಿಂದಲೇ ಹಾಗಾಗುತ್ತದೆಂದು 1926ರಲ್ಲಿ ಜಪಾನಿನ ಕುರೊಸಾವಾ ತೋರಿಸಿದರು. ದ್ರಾಕ್ಷಿ ಬೆಳೆಗಾರರು ಗೊನೆಗೆ ಬಳಸುವುದೂ ಇದನ್ನೇ. ಮೂರನೆಯದು ಬಾಳೆಗೊನೆಯನ್ನು ಹಣ್ಣು ಮಾಡುವ ಎಥಿಲೀನ್ ಅನಿಲ.

ವಾಲಿದ ಮರದಲ್ಲಿ ಇವು ಮಾಡುವ ಕೆಲಸವನ್ನು ತಿಳಿಯುವುದು ಸುಲಭವಾಗಲಿಲ್ಲ. 1950-60ರ ದಶಕಗಳಲ್ಲಿ ಕಾಂಡದ ಮೇಲುಬದಿಗೆ ಆಕ್ಸಿನ್ ಹಚ್ಚಿದರೆ ಎಳೆತದ ಮರ ಬರುವುದು ತಪ್ಪುತ್ತದೆಂದೂ, ಆಕ್ಸಿನ್ನಿನ ಹರಿವನ್ನು ತಡೆಯುವ ವಸ್ತು ಹಚ್ಚಿದರೆ ನೆಟ್ಟಗಿರುವ ಕಾಂಡದಲ್ಲೂ ಅದು ಬರುತ್ತದೆಂದೂ ಕಂಡುಬಂತು. ಆದುದರಿಂದ ಮೇಲುಬದಿಯಲ್ಲಿ ಆಕ್ಸಿನ್ ಕೊರತೆಯೇ ಕಾರಣವೆಂದು ನಂಬಿದ್ದರು. ಆದರೆ 2004ರಲ್ಲಿ ಪಾಪ್ಲರ್ ಮತ್ತು ಪೈನ್ ಮರಗಳಲ್ಲಿ ಆಕ್ಸಿನ್ನನ್ನು ನೇರವಾಗಿ ಅಳೆದು ನೋಡಿದಾಗ ಅಂಥ ದೊಡ್ಡ ಏರುಪೇರು ಕಾಣಲಿಲ್ಲ. 2015ರಲ್ಲಿ ಅಮೆರಿಕದಲ್ಲಿ ಪಾಪ್ಲರ್ ಮೇಲೆ ನಡೆದ ಕೆಲಸ ಇನ್ನೊಂದು ವಿಷಯ ತೋರಿಸಿತು: ಮರ ವಾಲಿದಾಗ ಆಕ್ಸಿನ್ನನ್ನು ಸಾಗಿಸುವ ದ್ವಾರಗಳು ಕಣದ ಒಂದು ಗೋಡೆಯಿಂದ ಇನ್ನೊಂದಕ್ಕೆ ಸರಿಯುತ್ತವೆ. ಮೇಲುಬದಿಯಲ್ಲಿ ಅವು ಆಕ್ಸಿನ್ನನ್ನು ಒಳಗೆ, ಕ್ಯಾಂಬಿಯಂ ಕಡೆಗೆ ಕಳಿಸುತ್ತವೆ. ಕೆಳಬದಿಯಲ್ಲಿ ಹೊರಗೆ, ತೊಗಟೆಯ ಕಡೆಗೆ. ನೀರು ಅಷ್ಟೇ ಇದ್ದರೂ ಕಾಲುವೆಯ ಮಡೆ ತಿರುಗಿಸಿದರೆ ಬೇರೆ ಗದ್ದೆ ತೊಯ್ಯುವ ಹಾಗೆ.

ಜಿಬ್ಬರೆಲಿನ್ ಈ ಕೆಲಸಕ್ಕೆ ಬಲ ಕೊಡುತ್ತದೆ. ಜಪಾನಿನಲ್ಲಿ ಕೊಂಬೆಗಳು ಜೋತುಬೀಳುವ ಒಂದು ಚೆರ್ರಿ ಮರವಿದೆ. ಅದರ ಎಳೆಯ ಕೊಂಬೆಗೆ ಜಿಬ್ಬರೆಲಿನ್ ಹಚ್ಚಿದರೆ ಮೇಲುಬದಿಯಲ್ಲಿ ಎಳೆತದ ಮರ ಕಟ್ಟಿ, ಕೊಂಬೆ ಮೇಲಕ್ಕೆ ಬೆಳೆಯುತ್ತದೆ. ಎಥಿಲೀನ್ ಕ್ಯಾಂಬಿಯಂ ಕಣಗಳು ಬೇಗಬೇಗ ಒಡೆದು ಹೆಚ್ಚುವಂತೆ ಮಾಡುತ್ತದೆ. ಒಂದು ಬದಿ ದಪ್ಪವಾಗುವುದಕ್ಕೆ ಅದೂ ಪಾಲುದಾರ.

ವ್ಯಾಪಾರಿಯ ಮಾತಿನ ನಿಜ

ಮರಕ್ಕೆ ಇದು ಪ್ರಾಣ ಉಳಿಸುವ ಉಪಾಯ, ಬಡಗಿಗೆ ತಲೆನೋವು. ಸಾಮಾನ್ಯ ಹಲಗೆ ಒಣಗುವಾಗ ಉದ್ದದಲ್ಲಿ ಕುಗ್ಗುವುದು ಶೇಕಡಾ 0.1 ರಿಂದ 0.2 ಮಾತ್ರ, 10 ಅಡಿ ಹಲಗೆಯಲ್ಲಿ ಕಾಲು ಅಂಗುಲವೂ ಇಲ್ಲ. ಎಳೆತದ ಮರ ಇದರ ಹಲವು ಪಟ್ಟು ಕುಗ್ಗುತ್ತದೆ. ಶೇಕಡಾ 1 ಕುಗ್ಗಿದರೆ ಅದೇ ಹಲಗೆಯಲ್ಲಿ ಒಂದು ಅಂಗುಲಕ್ಕೂ ಮಿಗಿಲು. ಹಲಗೆಯ ಒಂದು ಅಂಚು ಹೀಗೆ ಕುಗ್ಗಿ ಇನ್ನೊಂದು ಕುಗ್ಗದಿದ್ದರೆ ಅದು ಬಿಲ್ಲಿನಂತೆ ಬಾಗದೆ ಇನ್ನೇನಾದೀತು? ಕೊಯ್ಯುವಾಗ ಗರಗಸ ಸಿಕ್ಕಿಕೊಳ್ಳುತ್ತದೆ, ಕೊಯ್ದ ಮುಖದ ಮೇಲೆ ನಾರು ಉಣ್ಣೆಯಂತೆ ಏಳುತ್ತದೆ. ಮರವನ್ನು ಆಮೇಲೆ ನೆಟ್ಟಗೆ ಮಾಡಿದರೂ ಒಳಗೆ ಒಮ್ಮೆ ಕಟ್ಟಿದ ಈ ಪದರ ಅಳಿಸಿಹೋಗುವುದಿಲ್ಲ. ನಮ್ಮ ಕೆಲಸವೆಲ್ಲ ಮೊದಲ ಕೆಲವು ವರ್ಷಗಳಲ್ಲೇ ಎನ್ನುವುದು ಇದಕ್ಕೇ.

ಅಡಿಕೆ ಮರದ ಮಾತೇ ಬೇರೆ. ಅದಕ್ಕೆ ಕ್ಯಾಂಬಿಯಂ ಇಲ್ಲ. ಹೊಸ ಮರ ಕಟ್ಟಿ ಕಾಂಡವನ್ನು ಎತ್ತುವ ಶಕ್ತಿ ಅದಕ್ಕಿಲ್ಲ. ವಾಲಿದ ಅಡಿಕೆಯ ಸುಳಿ ಮೇಲಕ್ಕೆ ತಿರುಗೀತು, ಆದರೆ ಕೆಳಗಿನ ಡೊಂಕು ಮರ ಇರುವವರೆಗೂ ಡೊಂಕೇ.

ತೋಟದಲ್ಲಿ ಮಾಡಬೇಕಾದದ್ದು

1. ಪ್ಲಾಸ್ಟಿಕ್ ಚೀಲದಲ್ಲಿ ಹೆಚ್ಚು ಕಾಲ ಉಳಿದು ಬೇರು ಸುರುಳಿ ಸುತ್ತಿದ ಸಿಲ್ವರ್ ಸಸಿಯನ್ನು ನೆಡಬೇಡಿ. ಬುಡ ಹಿಡಿಯದ ಮರ ಮುಂಗಾರಿನ ಮೊದಲ ಗಾಳಿಗೇ ವಾಲುತ್ತದೆ.

2. ಗಾಳಿ ಹೊಡೆಯುವ ಜಾಗದಲ್ಲಿ ಸಸಿಗೆ ಆಸರೆ ಕೋಲು ಕೊಡಿ. ಆದರೆ ಸಡಿಲವಾಗಿ ಕಟ್ಟಿ, ಬೇರು ಹಿಡಿದ ಮೇಲೆ ತೆಗೆದುಬಿಡಿ. ಗಾಳಿಗೆ ಸ್ವಲ್ಪ ತೂಗಾಡಿದ ಕಾಂಡವೇ ದಪ್ಪವಾಗುತ್ತದೆ. ಬಿಗಿದು ಕಟ್ಟಿದ್ದು ಉದ್ದವಾಗಿ ಬೆಳೆದು ಬಳುಕುತ್ತದೆ.

3. ಮಳೆಗಾಲ ಮುಗಿದೊಡನೆ ಒಂದು ಸುತ್ತು ಹೋಗಿ, ವಾಲಿದ ಎಳೆಯ ಸಸಿಗಳನ್ನು ನೆಲ ತೇವವಿರುವಾಗಲೇ ನೆಟ್ಟಗೆ ಮಾಡಿ ಬುಡಕ್ಕೆ ಮಣ್ಣು ಕೊಡಿ. ಬಲಿತ ಮರವನ್ನು ಹಗ್ಗ ಕಟ್ಟಿ ಎಳೆಯಬೇಡಿ. ಬೇರು ಹರಿದು ಮುಂದಿನ ಮಳೆಗೆ ಉರುಳೀತು.

4. ಮರಗಸಿ ಮಾಡಿಸುವಾಗ ಒಂದೇ ಬದಿಯ ಕೊಂಬೆ ಕಡಿಸಬೇಡಿ. ಈಗಾಗಲೇ ವಾಲಿದ ಮರದಲ್ಲಿ ವಾಲಿದ ಕಡೆಯ ಭಾರವನ್ನೇ ಇಳಿಸಬೇಕು. ಅಂಥ ಮರಕ್ಕೆ ಹೊಸದಾಗಿ ಮೆಣಸಿನ ಬಳ್ಳಿ ಹಬ್ಬಿಸುವುದೂ ಬೇಡ.

5. ವಾಲಿದ ಮರದಿಂದ ಉದ್ದ ಹಲಗೆ ಕೊಯ್ಯಿಸಬೇಡಿ. ಗಿಡ್ಡ ತುಂಡುಗಳಿಗೆ, ಸೌದೆಗೆ ಬೇರೆ ಮಾಡಿ ಮಾರಿದರೆ ಒಳ್ಳೆಯ ದಿಮ್ಮಿಗಳ ಬೆಲೆಯಾದರೂ ಉಳಿಯುತ್ತದೆ.

6. ಹಾರ್ಮೋನು ಹಚ್ಚಿ ಮರ ನೆಟ್ಟಗೆ ಮಾಡುತ್ತೇವೆನ್ನುವವರ ಮಾತಿಗೆ ಮರುಳಾಗಬೇಡಿ. ಮರದೊಳಗೆ ಕೆಲಸ ಮಾಡುವುದು ಚೋದಕದ ಪ್ರಮಾಣಕ್ಕಿಂತ ಅದು ಹೋಗುವ ದಾರಿ. ಸೀಸೆಯಿಂದ ಆ ದಾರಿ ತೋರಿಸಲಾಗದು.

ಕೊನೆಯದಾಗಿ ಒಂದು ಮಾತನ್ನು ಒತ್ತಿ ಹೇಳುತ್ತೇವೆ. ವಾಲಿದ ಮರ ಬಿಗಿದ ಬಿಲ್ಲಿದ್ದಂತೆ. ಹಿಂಬದಿಯಿಂದಲೇ ಕಡಿಯುತ್ತ ಹೋದರೆ, ಕಡಿದು ಮುಗಿಯುವ ಮೊದಲೇ ಕಾಂಡ ಉದ್ದಕ್ಕೆ ಸೀಳಿ ಹಿಂದಕ್ಕೆ ಚಿಮ್ಮಿ ಕಡಿಯುವವನಿಗೆ ಹೊಡೆಯಬಹುದು. ಇಂಥ ಮರವನ್ನು ಅನುಭವವಿದ್ದವರಿಂದಲೇ ಕಡಿಸಬೇಕು. ವಾಲಿದ ಕಡೆ ಮೊದಲು ಕಚ್ಚು ಹಾಕಬೇಕು. ಕಾಂಡದ ನೇರ ಹಿಂದೆ ಯಾರೂ ನಿಲ್ಲಬಾರದು. ಮರ ಡೊಂಕಾದರೆ ನಷ್ಟ ಕೆಲವು ಸಾವಿರ ರೂಪಾಯಿ. ತೋಟದಲ್ಲಿ ದುಡಿಯುವವನ ಜೀವ ಹೋದರೆ ಅದನ್ನು ಯಾವ ಲೆಕ್ಕದ ಪುಸ್ತಕದಲ್ಲೂ ತುಂಬಿಸಲಾಗದು. ಈ ಬೇಸಿಗೆಯಲ್ಲಿ ಮರ ಕಡಿಸುವ ಸದಸ್ಯ ಬಂಧುಗಳು ಇದನ್ನು ಆಳುಗಳಿಗೂ ಓದಿ ಹೇಳಬೇಕೆಂದು ಕೋರುತ್ತೇವೆ.