ಸಾಲದೊಡನೆ ಕಡಿತವಾದ ವಿಮೆ ಕಂತು: ಬ್ಯಾಂಕಿನಲ್ಲಿ ಕಡತ ಸಿಗದಿದ್ದರೂ ಹಕ್ಕು ಪಡೆಯುವ ಬಗೆ

ಹುಣಸೂರು ತಾಲ್ಲೂಕಿನ ಬಿಳಿಕೆರೆ ಹೋಬಳಿಯಲ್ಲಾಗಲಿ, ನೆರೆಯ ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ತಾಲ್ಲೂಕುಗಳಲ್ಲಾಗಲಿ ಬೆಳೆ ಸಾಲವಿಲ್ಲದೆ ಹಂಗಾಮು ಆರಂಭವಾಗುವುದು ಅಪರೂಪ. ರಾಗಿ, ಹೊಗೆಸೊಪ್ಪು, ಭತ್ತ, ಮುಸುಕಿನ ಜೋಳ, ಹತ್ತಿ ಯಾವುದೇ ಇರಲಿ, ಬೀಜಕ್ಕೆಷ್ಟು, ಗೊಬ್ಬರಕ್ಕೆಷ್ಟು, ಆಳಿಗೆಷ್ಟು ಎಂದು ಲೆಕ್ಕ ಇಡುವ ರೈತರು ಇದ್ದಾರೆ. ಆದರೆ ಸಾಲದ ಖಾತೆಯಿಂದ ವಿಮೆಯ ಹೆಸರಿನಲ್ಲಿ ಕಡಿತವಾಗುವ ಹಣವನ್ನು ಬೇಸಾಯದ ಖರ್ಚಿಗೆ ಸೇರಿಸುವವರು ಕಡಿಮೆ. ಹಲವರಿಗೆ ಅದು ಗೊತ್ತಾಗುವುದೇ ಸಾಲ ತೀರಿಸುವ ದಿನ. ಆಗ ವಿಚಾರಿಸಿದರೆ "ಹಳೆಯ ಕಡತ ಸಿಗುತ್ತಿಲ್ಲ" ಎಂಬ ಉತ್ತರ ಬರುವುದುಂಟು.

ಒಂದು ಮಾತನ್ನು ಮೊದಲೇ ಮನದಟ್ಟು ಮಾಡಿಕೊಳ್ಳಿ. ನಿಮ್ಮ ಖಾತೆಯಿಂದ ವಿಮೆ ಕಂತು ಕಡಿತವಾಗಿದ್ದರೆ, ವಿಮೆಯ ರಕ್ಷಣೆ ಅಥವಾ ಕಟ್ಟಿದ ಹಣ, ಎರಡರಲ್ಲಿ ಒಂದು ನಿಮಗೆ ಸಲ್ಲಬೇಕು. ಎರಡೂ ಇಲ್ಲವೆಂದು ಹೇಳಲು ಬ್ಯಾಂಕಿಗೆ ಕಡತ ಕಳೆದುಹೋಗಿರುವುದು ಕಾರಣವಾಗಲಾರದು.

ಕಡಿತವಾಗುವ ಕಂತುಗಳು ಯಾವುವು?

1) ಬೆಳೆ ವಿಮೆ: 1985ರಲ್ಲಿ ಸಮಗ್ರ ಬೆಳೆ ವಿಮಾ ಯೋಜನೆ ಬಂದಂದಿನಿಂದ ಬೆಳೆ ಸಾಲಕ್ಕೂ ವಿಮೆಗೂ ಗಂಟು ಬಿದ್ದಿದೆ. 2016ರ ಮುಂಗಾರಿನಲ್ಲಿ ಪ್ರಧಾನ ಮಂತ್ರಿ ಫಸಲ್ ಬಿಮಾ ಯೋಜನೆ ಆರಂಭವಾಯಿತು. ಇದರಲ್ಲಿ ರೈತರ ಪಾಲು ವಿಮಾ ಮೊತ್ತದ ಮೇಲೆ ಮುಂಗಾರು ಬೆಳೆಗೆ ಶೇ. 2, ಹಿಂಗಾರು ಬೆಳೆಗೆ ಶೇ. 1.5, ವಾರ್ಷಿಕ ವಾಣಿಜ್ಯ ಹಾಗೂ ತೋಟಗಾರಿಕೆ ಬೆಳೆಗಳಿಗೆ ಶೇ. 5. ಮೊದಲು ಸಾಲಗಾರರಿಗೆ ಇದು ಕಡ್ಡಾಯವಾಗಿತ್ತು. 2020ರ ಮುಂಗಾರಿನಿಂದ ಐಚ್ಛಿಕವಾಗಿದೆ. ಬೇಡವೆನ್ನುವ ಸಾಲಗಾರರು ನೋಂದಣಿಯ ಕೊನೆಯ ದಿನಕ್ಕೆ ಕನಿಷ್ಠ 7 ದಿನ ಮೊದಲು ಬ್ಯಾಂಕಿಗೆ ಲಿಖಿತವಾಗಿ ತಿಳಿಸಬೇಕು.

2) ಜೀವ ಮತ್ತು ಅಪಘಾತ ವಿಮೆ: ಜೀವನ್ ಜ್ಯೋತಿ ವಿಮೆಗೆ ವರ್ಷಕ್ಕೆ 436 ರೂ., ಸುರಕ್ಷಾ ವಿಮೆಗೆ 20 ರೂ. ಕಡಿತವಾಗುತ್ತದೆ. 2022ರ ಜೂನ್‌ಗೆ ಮೊದಲು ಇವು 330 ಮತ್ತು 12 ರೂ. ಇದ್ದವು. ಇವಲ್ಲದೆ, ಸಾಲಗಾರ ತೀರಿಕೊಂಡರೆ ಸಾಲ ತೀರಿಸುವ "ಸಾಲ ರಕ್ಷಣೆ" ವಿಮೆಯ ಕಂತನ್ನು ಸಾಲದ ಮೊತ್ತಕ್ಕೇ ಸೇರಿಸುವುದೂ ಉಂಟು.

3) ಆಸ್ತಿ ವಿಮೆ: ಸಾಲದಲ್ಲಿ ಕೊಂಡ ಟ್ರ್ಯಾಕ್ಟರ್, ಪಂಪ್‌ಸೆಟ್, ಹಸು ಅಥವಾ ಕಟ್ಟಿಸಿದ ಬ್ಯಾರನ್ ಮೇಲಿನ ವಿಮೆ.

ತಪ್ಪು ಯಾವುದು, ಯಾವುದಲ್ಲ?

ಬೆಳೆ ಚೆನ್ನಾಗಿ ಬಂದು ಆ ವರ್ಷ ಪರಿಹಾರ ಬರದಿದ್ದರೆ ಬೆಳೆ ವಿಮೆಯ ಕಂತನ್ನು ವಾಪಸು ಕೇಳಲು ಬರುವುದಿಲ್ಲ. ಆ ಹಂಗಾಮಿನ ರಕ್ಷಣೆಗೆ ಅದು ಸಂದಾಯವಾಗಿದೆ. ಕೆಳಗಿನ ಸಂದರ್ಭಗಳಲ್ಲಿ ಮಾತ್ರ ನಿಮ್ಮ ಹಕ್ಕು ಗಟ್ಟಿಯಾಗಿರುತ್ತದೆ.

- ಕಂತು ಕಡಿತವಾಗಿದೆ, ಆದರೆ ಬ್ಯಾಂಕು ಹೆಸರನ್ನು ನೋಂದಾಯಿಸಿಲ್ಲ.
- ರಾಗಿ ಬೆಳೆದವರ ಹೆಸರಿನಲ್ಲಿ ಭತ್ತವೆಂದೋ, ಬೇರೆ ಸರ್ವೆ ನಂಬರೆಂದೋ ಬ್ಯಾಂಕು ತಪ್ಪಾಗಿ ದಾಖಲಿಸಿದೆ.
- ನಿಮ್ಮ ಒಪ್ಪಿಗೆ ಇಲ್ಲದೆ ಜೀವ ವಿಮೆ ಅಥವಾ ಅಪಘಾತ ವಿಮೆ ಸೇರಿಸಿದೆ. ಕಿಸಾನ್ ಕ್ರೆಡಿಟ್ ಕಾರ್ಡ್ ಕುರಿತ ರಿಸರ್ವ್ ಬ್ಯಾಂಕಿನ ಸುತ್ತೋಲೆಯಂತೆ ಇಂತಹ ವಿಮೆಗಳ ಬಗ್ಗೆ ರೈತರಿಗೆ ತಿಳಿಸಿ, ಸಾಲದ ಅರ್ಜಿಯ ಹಂತದಲ್ಲೇ ಒಪ್ಪಿಗೆ ಪಡೆಯಬೇಕು.
- "ಇದನ್ನು ಮಾಡಿಸಿದರೆ ಮಾತ್ರ ಸಾಲ" ಎಂದು ಹೇಳಿ ಜೀವ ವಿಮೆ ಮಾಡಿಸಿದೆ.
- ಸಾಲಗಾರ ತೀರಿಕೊಂಡಿದ್ದಾರೆ. ವಿಮೆ ಇದ್ದರೂ ಮನೆಯವರಿಂದಲೇ ಸಾಲ ವಸೂಲಾಗಿದೆ. ವಿಮೆ ಇತ್ತೆಂಬುದೇ ಮನೆಯವರಿಗೆ ತಿಳಿದಿರುವುದಿಲ್ಲವಾದ್ದರಿಂದ ಇದು ಎಲ್ಲಕ್ಕಿಂತ ದೊಡ್ಡ ನಷ್ಟ.

ಕಡತ ಏಕೆ ಸಿಗುವುದಿಲ್ಲ?

ಬ್ಯಾಂಕುಗಳ ವಿಲೀನ ಇದಕ್ಕೊಂದು ಮುಖ್ಯ ಕಾರಣ. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರ ಏಪ್ರಿಲ್ 1ರಂದು ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿ ಸೇರಿತು. ವಿಜಯಾ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡಾಕ್ಕೂ, ಸಿಂಡಿಕೇಟ್ ಬ್ಯಾಂಕ್ 2020ರಲ್ಲಿ ಕೆನರಾ ಬ್ಯಾಂಕಿಗೂ, ಕಾರ್ಪೊರೇಷನ್ ಬ್ಯಾಂಕ್ ಅದೇ ವರ್ಷ ಯೂನಿಯನ್ ಬ್ಯಾಂಕಿಗೂ ಸೇರಿದವು. ಮೈಸೂರಿನಲ್ಲಿ ಪ್ರಧಾನ ಕಚೇರಿ ಹೊಂದಿದ್ದ ಕಾವೇರಿ ಗ್ರಾಮೀಣ ಬ್ಯಾಂಕ್ 2019ರಲ್ಲಿ ಪ್ರಗತಿ ಕೃಷ್ಣ ಗ್ರಾಮೀಣ ಬ್ಯಾಂಕಿನೊಡನೆ ವಿಲೀನವಾಯಿತು. 2025ರ ಮೇ 1ರಿಂದ ರಾಜ್ಯಕ್ಕೆಲ್ಲ ಒಂದೇ ಗ್ರಾಮೀಣ ಬ್ಯಾಂಕು, ಅದರ ಪ್ರಧಾನ ಕಚೇರಿ ಬಳ್ಳಾರಿ. ಇಂತಹ ಬದಲಾವಣೆಯಲ್ಲಿ ಶಾಖೆಗಳು ಕೂಡಿಕೊಳ್ಳುತ್ತವೆ, ಖಾತೆ ಸಂಖ್ಯೆ ಬದಲಾಗಬಹುದು, ಹಳೆಯ ಕಾಗದ ಗೋದಾಮು ಸೇರುತ್ತದೆ. ಆದರೆ ಹಳೆಯ ಬ್ಯಾಂಕಿನ ಆಸ್ತಿಯೊಡನೆ ಹೊಣೆಯೂ ಹೊಸ ಬ್ಯಾಂಕಿಗೆ ಬರುತ್ತದೆ. "ಅದು ಹಳೆಯ ಬ್ಯಾಂಕಿನ ವ್ಯವಹಾರ" ಎಂಬ ಉತ್ತರವನ್ನು ಒಪ್ಪಬೇಕಾಗಿಲ್ಲ.

ಎರಡನೆಯ ಕಾರಣ ಕಾಲಾವಧಿ. ದಾಖಲೆ ಸಂರಕ್ಷಣೆಯ ಬಗ್ಗೆ 1985ರಲ್ಲಿ ಆದ ನಿಯಮಗಳಂತೆ ಬ್ಯಾಂಕುಗಳು ಕೆಲವು ದಾಖಲೆಗಳನ್ನು ಕನಿಷ್ಠ 5 ವರ್ಷ, ಮತ್ತೆ ಕೆಲವನ್ನು ಕನಿಷ್ಠ 8 ವರ್ಷ ಇಡಬೇಕು. ಆದ್ದರಿಂದ ಮೂರು ನಾಲ್ಕು ವರ್ಷದ ಹಿಂದಿನ ಸಾಲಕ್ಕೆ "ಕಡತವಿಲ್ಲ" ಎಂದರೆ ಅದು ಬ್ಯಾಂಕಿನದೇ ಲೋಪ. ಹತ್ತು ವರ್ಷಕ್ಕೂ ಹಿಂದಿನದಾದರೆ ಸಾಕ್ಷ್ಯವನ್ನು ನೀವೇ ಕೂಡಿಸಬೇಕಾಗುತ್ತದೆ.

ಬ್ಯಾಂಕಿನ ಹೊರಗಿರುವ ದಾಖಲೆಗಳು

ಒಂದು ಸಾಲ ಹಲವು ಕಡೆ ಗುರುತು ಬಿಟ್ಟಿರುತ್ತದೆ.

1. ಪಾಸ್ ಪುಸ್ತಕ: ವಿಮೆ ಎಂಬ ಪದ ಪೂರ್ತಿ ಇರದೆ ಒಂದೆರಡು ಅಕ್ಷರಗಳ ಗುರುತು ಮಾತ್ರ ಇರಬಹುದು. 436, 330, 20, 12 ಎಂಬ ಅಂಕಿಗಳನ್ನು ಹುಡುಕಿ. ಉಳಿತಾಯ ಖಾತೆಯ ಪುಸ್ತಕವನ್ನೂ ನೋಡಿ.

2. ಪಹಣಿ: ಸಾಲಕ್ಕೆ ಜಮೀನು ಆಧಾರವಾಗಿದ್ದರೆ 11ನೇ ಅಂಕಣದಲ್ಲಿ ಬ್ಯಾಂಕಿನ ಹೆಸರು, ಮೊತ್ತ ನಮೂದಾಗಿರುತ್ತದೆ. ಸಾಲ ತೀರಿದ್ದರೆ ಆ ವರ್ಷದ ಹಳೆಯ ಪಹಣಿ ತೆಗೆಸಿ.

3. ಋಣಭಾರ ಪತ್ರ: ಜಮೀನು ಅಡಮಾನವಾಗಿದ್ದರೆ ಉಪನೋಂದಣಿ ಕಚೇರಿಯಲ್ಲಿ ದಿನಾಂಕ ಸಹಿತ ದೊರೆಯುತ್ತದೆ.

4. ಸಂರಕ್ಷಣೆ ಪೋರ್ಟಲ್: ಕರ್ನಾಟಕದ ಬೆಳೆ ವಿಮೆ ನೋಂದಣಿ ಇದರಲ್ಲಿ ನಡೆದಿರುತ್ತದೆ. ವರ್ಷ, ಹಂಗಾಮು ಕೊಟ್ಟು ನಿಮ್ಮ ಹೆಸರು, ಬೆಳೆ, ಸರ್ವೆ ನಂಬರು ನೋಡಬಹುದು. ರೈತ ಸಂಪರ್ಕ ಕೇಂದ್ರದಲ್ಲಿ ನೆರವು ಕೇಳಿ.

5. ಸಾಲ ಮಾಹಿತಿ ವರದಿ: ಸಿಬಿಲ್ ಮುಂತಾದ ಸಂಸ್ಥೆಗಳು ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಉಚಿತವಾಗಿ ಕೊಡಬೇಕು. ಸಾಲ ಕೊಟ್ಟ ಬ್ಯಾಂಕು, ದಿನಾಂಕ, ಮೊತ್ತ ಅದರಲ್ಲಿರುತ್ತವೆ.

6. ವಿಮಾ ಕಂಪನಿ: ಬ್ಯಾಂಕಿನಲ್ಲಿ ಕಡತ ಇಲ್ಲದಿದ್ದರೂ ಕಂತು ಪಡೆದ ಕಂಪನಿಯಲ್ಲಿ ನಿಮ್ಮ ಹೆಸರು ಇರಬೇಕು. ಹೆಸರು, ಹುಟ್ಟಿದ ದಿನಾಂಕ, ಸಾಲದ ಖಾತೆ ಸಂಖ್ಯೆ ಬರೆದು ಕೇಳಿ. ಅಲ್ಲಿಯೂ ಇಲ್ಲವೆಂದಾದರೆ, ಕಡಿತವಾದ ಹಣ ಎಲ್ಲಿಗೆ ಹೋಯಿತೆಂದು ಬ್ಯಾಂಕೇ ಹೇಳಬೇಕು.

ರಾಷ್ಟ್ರೀಕೃತ ಹಾಗೂ ಗ್ರಾಮೀಣ ಬ್ಯಾಂಕುಗಳಿಗೆ ಮಾಹಿತಿ ಹಕ್ಕು ಕಾಯ್ದೆ ಅನ್ವಯಿಸುತ್ತದೆ. 10 ರೂ. ಶುಲ್ಕ ಕಟ್ಟಿ ನಿಮ್ಮದೇ ಖಾತೆಯ ವಿವರ ಕೇಳಿದರೆ 30 ದಿನಗಳಲ್ಲಿ ಉತ್ತರ ಕೊಡಬೇಕು. ಕಡತ ನಾಶವಾಗಿದ್ದರೆ ಯಾವ ದಿನ, ಯಾರ ಆದೇಶದಂತೆ ಎಂದೂ ಕೇಳಿ.

ಅರ್ಜಿ ಹೀಗಿರಲಿ

ಬಾಯಿಮಾತಿನ ವಿಚಾರಣೆಗೆ ಬೆಲೆಯಿಲ್ಲ. ಶಾಖಾ ವ್ಯವಸ್ಥಾಪಕರಿಗೆ ಬರೆದು ಕೊಟ್ಟು, ನಕಲಿನ ಮೇಲೆ ಮೊಹರು, ದಿನಾಂಕ ಹಾಕಿಸಿಕೊಳ್ಳಿ. ಹಾಕಲು ಒಪ್ಪದಿದ್ದರೆ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ ರಸೀತಿ ಇಟ್ಟುಕೊಳ್ಳಿ.

"ಮಾನ್ಯರೇ, ನಾನು ...... ಗ್ರಾಮದ ...... ಸರ್ವೆ ನಂಬರಿನ ಜಮೀನಿನ ಮೇಲೆ ...... ರಲ್ಲಿ ತಮ್ಮ ಶಾಖೆಯಿಂದ ಸಾಲ ಪಡೆದಿರುತ್ತೇನೆ. ಖಾತೆಯಿಂದ ದಿನಾಂಕ ...... ರಂದು ರೂ. ...... ವಿಮೆಯ ಬಾಬ್ತು ಕಡಿತವಾಗಿದೆ. ಈ ಕೆಳಗಿನವುಗಳನ್ನು ಲಿಖಿತವಾಗಿ ಒದಗಿಸಬೇಕೆಂದು ಕೋರುತ್ತೇನೆ. (1) ಸಾಲದ ಆರಂಭದಿಂದ ಖಾತೆಯ ಪೂರ್ಣ ವಿವರ. (2) ವಿಮೆಗೆ ನನ್ನ ಒಪ್ಪಿಗೆ ಪತ್ರದ ನಕಲು. (3) ಕಂತು ಪಡೆದ ಕಂಪನಿಯ ಹೆಸರು, ಪಾಲಿಸಿ ಸಂಖ್ಯೆ. ಇವು ಇಲ್ಲದಿದ್ದಲ್ಲಿ ಹಾಗೆಂದು ಲಿಖಿತವಾಗಿ ತಿಳಿಸಿ, ಕಂತನ್ನು ಬಡ್ಡಿ ಸಹಿತ ಹಿಂದಿರುಗಿಸಬೇಕಾಗಿ ವಿನಂತಿ."

ಕಡತವಿಲ್ಲ ಎಂದು ಬ್ಯಾಂಕು ಬರೆದುಕೊಟ್ಟರೆ ಚಿಂತಿಸಬೇಡಿ. ಒಪ್ಪಿಗೆ ಪತ್ರವನ್ನು ತೋರಿಸಲು ಬ್ಯಾಂಕಿಗೆ ಆಗದು ಎಂಬುದಕ್ಕೆ ಆ ಕಾಗದವೇ ನಿಮ್ಮ ಸಾಕ್ಷಿ. ಮೂಲ ಕಾಗದಗಳನ್ನು ಮಾತ್ರ ಯಾರಿಗೂ ಕೊಡದೆ ಜೆರಾಕ್ಸ್ ಪ್ರತಿಗಳನ್ನೇ ಲಗತ್ತಿಸಿ.

ಎಷ್ಟು ಕೇಳಬೇಕು?

ಉದಾಹರಣೆಗೆ, ಅವಧಿ ಸಾಲಕ್ಕೆ 6,000 ರೂ. ವಿಮೆ ಕಂತು ಸೇರಿಸಿ ಶೇ. 9ರ ಬಡ್ಡಿ ಹಾಕಿದ್ದಾರೆ ಎನ್ನೋಣ. ಅಸಲು ಕೊನೆಯವರೆಗೆ ಉಳಿದಿದ್ದರೆ ವರ್ಷಕ್ಕೆ 540 ರೂ.ಗಳಂತೆ 5 ವರ್ಷಕ್ಕೆ ಸರಳ ಬಡ್ಡಿಯೇ 2,700 ರೂ. ನೀವು ಕೇಳಬೇಕಾದದ್ದು 8,700 ರೂ., ಬರೀ 6,000 ಅಲ್ಲ.

ಬೆಳೆ ವಿಮೆಯ ಲೆಕ್ಕ ಬೇರೆ. ವಿಮಾ ಮೊತ್ತ 40,000 ರೂ. ಎಂದುಕೊಳ್ಳಿ. ಮುಂಗಾರು ಕಂತು 800 ರೂ. ನಿಮ್ಮ ವಿಮಾ ಘಟಕದ ಖಾತರಿ ಇಳುವರಿ 10 ಕ್ವಿಂಟಾಲ್, ಬೆಳೆ ಕಟಾವು ಪ್ರಯೋಗದಲ್ಲಿ ಬಂದದ್ದು 7 ಕ್ವಿಂಟಾಲ್. ಕೊರತೆ ಶೇ. 30, ಪರಿಹಾರ 12,000 ರೂ. ಕಂತು ಹಿಡಿದು ಬ್ಯಾಂಕು ನೋಂದಾಯಿಸದಿದ್ದರೆ 800 ರೂ. ವಾಪಸು ಪಡೆದು ಸುಮ್ಮನಾಗಬಾರದು. ಬ್ಯಾಂಕು ಅಥವಾ ಸಹಕಾರ ಸಂಘದ ಲೋಪದಿಂದ ಪರಿಹಾರ ತಪ್ಪಿದರೆ ಆ ನಷ್ಟವನ್ನು ಅದೇ ಸಂಸ್ಥೆ ತುಂಬಿಕೊಡಬೇಕೆಂದು ಫಸಲ್ ಬಿಮಾ ಯೋಜನೆಯ ಮಾರ್ಗಸೂಚಿಯಲ್ಲೇ ಇದೆ. ಅದೇ ಘಟಕದಲ್ಲಿ ಅದೇ ಬೆಳೆಗೆ ನೆರೆಯವರಿಗೆ ಬಂದ ಪರಿಹಾರದ ವಿವರವನ್ನು ಅರ್ಜಿಯೊಡನೆ ಲಗತ್ತಿಸಿ.

ಉತ್ತರ ಬಾರದಿದ್ದರೆ

- ಬ್ಯಾಂಕಿನ ಮೇಲೆ: 30 ದಿನಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಉತ್ತರ ಸಮಾಧಾನಕರವಲ್ಲದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ಶುಲ್ಕವಿಲ್ಲ. ಚಂಡೀಗಢದ ದೂರು ಸ್ವೀಕಾರ ಕೇಂದ್ರಕ್ಕೆ ಕನ್ನಡದಲ್ಲೇ ಬರೆಯಬಹುದು. ಮಾಹಿತಿಗೆ ದೂರವಾಣಿ 14448.
- ವಿಮಾ ಕಂಪನಿಯ ಮೇಲೆ: ಮೊದಲು ಕಂಪನಿಗೆ, ಅನಂತರ ಬೆಂಗಳೂರಿನಲ್ಲಿರುವ ವಿಮಾ ಓಂಬುಡ್ಸ್‌ಮನ್‌ಗೆ. ದೂರವಾಣಿ 155255.
- ಬೆಳೆ ವಿಮೆ: 14447ಕ್ಕೆ ಕರೆ ಮಾಡಿ ದೂರಿನ ಸಂಖ್ಯೆ ಪಡೆಯಿರಿ. ಪ್ರತಿಯನ್ನು ಸಹಾಯಕ ಕೃಷಿ ನಿರ್ದೇಶಕರಿಗೂ ಜಿಲ್ಲಾ ಕುಂದುಕೊರತೆ ನಿವಾರಣಾ ಸಮಿತಿಗೂ ಕೊಡಿ.
- ಪ್ರಾಥಮಿಕ ಸಹಕಾರ ಸಂಘದ ಸಾಲವಾದರೆ: ಸಹಕಾರ ಸಂಘಗಳ ಸಹಾಯಕ ನಿಬಂಧಕರಿಗೆ.
- ಕೊನೆಯದಾಗಿ: ಮೈಸೂರಿನ ಜಿಲ್ಲಾ ಗ್ರಾಹಕ ಆಯೋಗ. ವಕೀಲರಿಲ್ಲದೆಯೂ ವಾದಿಸಬಹುದು. ಕಾರಣ ಉಂಟಾದ 2 ವರ್ಷದೊಳಗೆ ದೂರು ಸಲ್ಲಿಸಬೇಕು. ತಡಕ್ಕೆ ತಕ್ಕ ಕಾರಣ ತೋರಿಸಿದರೆ ಆಯೋಗ ಮನ್ನಿಸಬಹುದು.

ಕಾಲಮಿತಿಯ ವಿಷಯದಲ್ಲಿ ಇಂಗ್ಲೆಂಡಿನ ಅನುಭವ ಗಮನಿಸತಕ್ಕದ್ದು. ಅಲ್ಲಿ ಸಾಲದೊಡನೆ ಬೇಡದ ವಿಮೆ ಮಾರಿದ್ದಕ್ಕಾಗಿ ಬ್ಯಾಂಕುಗಳು 3,800 ಕೋಟಿ ಪೌಂಡುಗಳಿಗೂ ಹೆಚ್ಚು ಹಣವನ್ನು ಗ್ರಾಹಕರಿಗೆ ಹಿಂದಿರುಗಿಸಬೇಕಾಯಿತು. ಆದರೆ 2019ರ ಆಗಸ್ಟ್ 29 ಕೊನೆಯ ದಿನವೆಂದು ಗೊತ್ತುಮಾಡಲಾಗಿತ್ತು. ಕೇಳಿದವರಿಗೆ ಹಣ ಬಂತು. ಸುಮ್ಮನಿದ್ದವರಿಗೆ ಬಾಗಿಲು ಮುಚ್ಚಿತು.

ಮುಂದಿನ ಸಾಲಕ್ಕೆ ಮುನ್ನೆಚ್ಚರಿಕೆ

ಖಾಲಿ ನಮೂನೆಗೆ ಸಹಿ ಅಥವಾ ಹೆಬ್ಬೆಟ್ಟು ಹಾಕಬೇಡಿ. ಸಾಲ ಮಂಜೂರಾದ ಮೊತ್ತಕ್ಕೂ ಕೈಗೆ ಬಂದ ಮೊತ್ತಕ್ಕೂ ವ್ಯತ್ಯಾಸವಿದ್ದರೆ ಅಂದೇ ಕಾರಣ ಕೇಳಿ. ಜೀವ ವಿಮೆಯ ಪಾಲಿಸಿ ಕೈ ಸೇರಿದ 30 ದಿನದೊಳಗೆ ಬೇಡವೆಂದು ಹಿಂದಿರುಗಿಸಲು ಅವಕಾಶವಿದೆ. ಅಲ್ಪ ಕಡಿತ ಕಳೆದು ಹಣ ವಾಪಸು ಬರುತ್ತದೆ. ಬೆಳೆ ವಿಮೆಯ ನೋಂದಣಿ ಮುಗಿಯುವ ಮೊದಲೇ ಬೆಳೆ ಮತ್ತು ಸರ್ವೆ ನಂಬರನ್ನು ತಾಳೆ ನೋಡಿ. ಬೆಳೆ ಸಮೀಕ್ಷೆಯಲ್ಲೂ ಅದೇ ಬೆಳೆ ಇರಬೇಕು. ವರ್ಷಕ್ಕೊಮ್ಮೆ ಪಾಸ್ ಪುಸ್ತಕ, ಪಹಣಿ, ವಿಮೆಯ ರಸೀತಿಗಳನ್ನು ಒಂದೇ ಚೀಲದಲ್ಲಿ ಕಟ್ಟಿಟ್ಟು, ಅದು ಎಲ್ಲಿದೆಯೆಂದು ಮನೆಯಾಕೆಗೂ ಮಕ್ಕಳಿಗೂ ತಿಳಿಸಿ.

ವಿಮೆ ಕೆಟ್ಟದ್ದೆಂದು ಇದರ ಅರ್ಥವಲ್ಲ. ಮಳೆ ನಂಬಿದ ಬೇಸಾಯಕ್ಕೆ ವಿಮೆ ಬೇಕೆಂದು ಮೈಸೂರು ಸಂಸ್ಥಾನದಲ್ಲಿದ್ದ ಜೆ. ಎಸ್. ಚಕ್ರವರ್ತಿಯವರು 1920ರಷ್ಟು ಹಿಂದೆಯೇ ಪುಸ್ತಕ ಬರೆದು ಪ್ರತಿಪಾದಿಸಿದ್ದರು. ತಿಳಿದು ಮಾಡಿಸಿದ ವಿಮೆ ಒಳ್ಳೆಯ ಬೀಜದಂತೆ ಬೇಸಾಯಕ್ಕೆ ಆಧಾರ. ತಿಳಿಯದೆ ಕಡಿತವಾದದ್ದು ಬರೀ ಖರ್ಚು. ರೈತ ಬಾಂಧವರು ಈ ಹಂಗಾಮಿನ ಕೆಲಸ ಬಿಡುವಾದಾಗ ತಮ್ಮ ಸಾಲದ ಖಾತೆಯ ವಿವರವನ್ನು ಒಮ್ಮೆ ತೆಗೆಸಿ, ವಿಮೆಯ ಸಾಲುಗಳನ್ನು ಗುರುತು ಹಾಕಿ ಪರಿಶೀಲಿಸುವುದು ಸೂಕ್ತ.