ಕಿರುವಾಹನಗಳ ಚಾಲನಾ ಕೀಲುಗಳು ಮತ್ತು ಕೀಲೆಣ್ಣೆಯ ವಿವೇಚನೆ

ಎಣ್ಣೆ ಕಾಣದ ಗಾಡಿಯ ಅಚ್ಚು ಕಿರುಗುಟ್ಟುವುದನ್ನು ಕೇಳಿದವರಿಗೆ ಕೀಲೆಣ್ಣೆಯ ಅವಶ್ಯಕತೆಯನ್ನು ಬೇರೆಯಾಗಿ ವಿವರಿಸಬೇಕಾಗಿಲ್ಲ. ಎರಡು ಮೈಗಳು ಒಂದನ್ನೊಂದು ಉಜ್ಜುವೆಡೆಯಲ್ಲಿ ಎಣ್ಣೆಯಿರಬೇಕು, ಅದು ಹೆಚ್ಚಿದ್ದಷ್ಟೂ ಒಳ್ಳೆಯದು ಎಂಬುದು ಸಾಮಾನ್ಯವಾದ ನಂಬಿಕೆ. ಇದರ ಮೊದಲರ್ಧ ಬಹುಮಟ್ಟಿಗೆ ನಿಜ. ಎರಡನೆಯ ಅರ್ಧ ಸಂದೇಹಾಸ್ಪದ. ರೇಡಿಯೋ ಅಲೆಗಳಿಂದ ನಿಯಂತ್ರಿಸಲ್ಪಡುವ ಕಿರುವಾಹನಗಳ ಚಾಲನಾ ಕೀಲುಗಳು ಈ ಸಂದೇಹಕ್ಕೆ ಒಳ್ಳೆಯ ನಿದರ್ಶನವಾಗಿವೆ. ಜಪಾನಿನ ತಮಿಯಾ ಸಂಸ್ಥೆ 1976ರಲ್ಲಿ ಪೋರ್ಷೆ 934 ಮಾದರಿಯನ್ನು ಹೊರತಂದ ತರುವಾಯ ಇಂಥ ವಾಹನಗಳ ಹವ್ಯಾಸ ಬಹುವಾಗಿ ಹರಡಿತು. ಮಣ್ಣಿನ ಮೇಲೆ ಓಡುವ, ಹತ್ತರಲ್ಲೊಂದು ಪ್ರಮಾಣದ ವಾಹನವನ್ನು ಇಲ್ಲಿ ವಿಚಾರಕ್ಕೆ ತೆಗೆದುಕೊಳ್ಳೋಣ.

ಮೋಟಾರಿನ ಶಕ್ತಿ ಡಿಫರೆನ್ಷಿಯಲ್‌ನಿಂದ ಚಕ್ರಕ್ಕೆ ಒಂದು ದಂಡದ ಮೂಲಕ ಸಾಗುತ್ತದೆ. ಚಕ್ರವು ನೆಲದ ಏರಿಳಿತಕ್ಕೆ ತಕ್ಕಂತೆ ಮೇಲೆ ಕೆಳಗೆ ಆಡುವುದರಿಂದ ದಂಡವು ಓರೆಯಾಗಿಯೂ ತಿರುಗಬೇಕಾಗುತ್ತದೆ. ಇದಕ್ಕೆ ಎರಡು ಏರ್ಪಾಡುಗಳು ರೂಢಿಯಲ್ಲಿವೆ. ಮೊದಲನೆಯದರಲ್ಲಿ ದಂಡದ ಗುಂಡಾದ ತುದಿಗೆ ಅಡ್ಡಪಿನ್ನೊಂದಿದ್ದು, ಅದು ಬಟ್ಟಲಿನಂಥ ಭಾಗದ ಸೀಳುಗಳಲ್ಲಿ ಕೂರುತ್ತದೆ. ಎರಡನೆಯದು ಯೂನಿವರ್ಸಲ್ ಕೀಲು. ದಂಡದ ತುದಿಯೊಳಗೆ ಒಂದು ಸಣ್ಣ ಉರುಳೆ. ಅದನ್ನು ಹಾಯ್ದು ಸುಮಾರು 2 ಮಿ.ಮೀ. ವ್ಯಾಸದ ಉಕ್ಕಿನ ಪಿನ್ನು. ಪಿನ್ನಿನ ಎರಡು ಕೊನೆಗಳು ಚಕ್ರದ ಅಚ್ಚಿನ ಕವಲಿನಲ್ಲಿ ನೆಲೆಗೊಂಡಿರುತ್ತವೆ. ಇಟಲಿಯ ಕಾರ್ಡಾನೊ (1501–1576) ಮತ್ತು ಇಂಗ್ಲೆಂಡಿನ ರಾಬರ್ಟ್ ಹುಕ್ (1635–1703) ಇವರ ಹೆಸರುಗಳಿಂದ ಪ್ರಸಿದ್ಧವಾದ ಕೀಲಿನ ಕಿರಿಯ ರೂಪವೇ ಇದು.

ಈ ಕೀಲಿನ ಚಲನೆಯ ಸ್ವರೂಪವನ್ನು ಗಮನಿಸಬೇಕು. ಗಾಡಿಯ ಚಕ್ರ ಅಚ್ಚಿನ ಮೇಲೆ ಒಂದೇ ದಿಕ್ಕಿನಲ್ಲಿ ಸುತ್ತುತ್ತದೆ. ಕೀಲಿನ ಪಿನ್ನಾದರೋ ಕವಲಿನ ರಂಧ್ರದೊಳಗೆ ಪೂರ್ಣ ಸುತ್ತುವುದೇ ಇಲ್ಲ. ಕೇವಲ ಅತ್ತಿತ್ತ ತೂಗುತ್ತದೆ. ದಂಡದ ಓರೆ 15 ಡಿಗ್ರಿಯಿದ್ದರೆ ಪಿನ್ನು ಪ್ರತಿ ಸುತ್ತಿನಲ್ಲಿಯೂ ಒಂದು ಕಡೆಗೆ 15, ಇನ್ನೊಂದು ಕಡೆಗೆ 15 ಡಿಗ್ರಿ ತೂಗಿ ಮರಳುತ್ತದೆ. ವಾಹನವು ಗಂಟೆಗೆ 36 ಕಿ.ಮೀ. ವೇಗದಲ್ಲಿ ಓಡುತ್ತಿದೆ, ಚಕ್ರದ ವ್ಯಾಸ 85 ಮಿ.ಮೀ. ಎಂದಿಟ್ಟುಕೊಳ್ಳೋಣ. ಆಗ ಚಕ್ರ ಸೆಕೆಂಡಿಗೆ ಸುಮಾರು 37 ಸುತ್ತು ತಿರುಗುತ್ತದೆ. ಪ್ರತಿ ಸುತ್ತಿಗೆ ಪಿನ್ನಿನ ಮೈ ಜಾರುವ ದೂರ ಸುಮಾರು 1 ಮಿ.ಮೀ. ಮಾತ್ರ, ಸರಾಸರಿ ವೇಗ ಸೆಕೆಂಡಿಗೆ 4 ಸೆಂ.ಮೀ.ಗೆ ಮೀರದು. ಅದಲ್ಲದೆ, ತೂಗಾಟದ ಎರಡು ಕೊನೆಗಳಲ್ಲಿಯೂ ಪಿನ್ನು ಕ್ಷಣಕಾಲ ನಿಂತು ದಿಕ್ಕು ಬದಲಿಸುತ್ತದೆ. ಅಂದರೆ ಸೆಕೆಂಡಿಗೆ ಸುಮಾರು 75 ಸಲ ಅದರ ಜಾರುವಿಕೆ ನಿಂತುಹೋಗುತ್ತದೆ.

ಈ ಅಂಕಿಗಳ ಮಹತ್ತ್ವವೇನು? ಆಸ್ಬರ್ನ್ ರೆನಾಲ್ಡ್ಸ್ 1886ರಲ್ಲಿ ಗಣಿತದಿಂದ ತೋರಿಸಿಕೊಟ್ಟಂತೆ, ವೇಗವಾಗಿ ಸುತ್ತುವ ಅಚ್ಚು ಎಣ್ಣೆಯನ್ನು ತಾನೇ ಸಂದಿನೊಳಕ್ಕೆ ಸೆಳೆದುಕೊಂಡು, ಅದರ ಒತ್ತಡದ ಮೇಲೆ ತೇಲುತ್ತದೆ. ಲೋಹಕ್ಕೆ ಲೋಹ ತಾಗುವುದಿಲ್ಲ. ಆದರೆ ಈ ತೇಲುವಿಕೆಗೆ ವೇಗವೂ ಅವಿಚ್ಛಿನ್ನವಾದ ಚಲನೆಯೂ ಬೇಕು. ನಮ್ಮ ಪಿನ್ನಿಗೆ ಎರಡೂ ಇಲ್ಲ. ಆದುದರಿಂದ ಎಷ್ಟು ಗ್ರೀಸ್ ತುಂಬಿದರೂ ಪಿನ್ನು ಅದರ ಮೇಲೆ ತೇಲಲಾರದು. ಲೋಹದ ಮೈಗೆ ಅಂಟಿಕೊಂಡ ಅತಿ ತೆಳುವಾದ ಪದರವೊಂದೇ ಅದಕ್ಕೆ ರಕ್ಷಣೆ. ಈ ಪದರಕ್ಕೆ ಬೇಕಾದ ಎಣ್ಣೆ ಅತ್ಯಲ್ಪ. ಉಳಿದುದೆಲ್ಲ ಹೊರಗೆ ಉಕ್ಕಿ ನಿಲ್ಲುತ್ತದೆ.

ಹೊರಗೆ ನಿಂತ ಗ್ರೀಸ್ ನಿರುಪದ್ರವಿಯಲ್ಲ. ಅದು ಧೂಳನ್ನು ಹಿಡಿದಿಡುತ್ತದೆ. ಮಣ್ಣಿನ ಧೂಳಿನಲ್ಲಿ ಬೆಣಚುಕಲ್ಲಿನ ಕಣಗಳು ಹೇರಳ. ಮೋಸ್ ಮಾನದಲ್ಲಿ ಅವುಗಳ ಗಡಸುತನ 7. ಸಾಧಾರಣ ಉಕ್ಕನ್ನು ಅವು ಸುಲಭವಾಗಿ ಗೀರಬಲ್ಲವು. ಗ್ರೀಸಿನೊಡನೆ ಕಲೆತ ಈ ಕಣಗಳು ಸಾಣೆಯ ಲೇಪವಾಗಿ ಪರಿಣಮಿಸಿ, ಪ್ರತಿ ತೂಗಾಟದಲ್ಲಿಯೂ ಪಿನ್ನನ್ನು ಅರೆಯುತ್ತವೆ. ಒಣಕೀಲಿನ ಮೇಲೆ ಬಿದ್ದ ಧೂಳು ಬಹುಮಟ್ಟಿಗೆ ಉದುರಿಹೋಗುತ್ತದೆ. ಎಣ್ಣೆಗೀಲಿನ ಧೂಳು ಅಲ್ಲಿಯೇ ಮನೆ ಮಾಡುತ್ತದೆ. ಅತಿಯಾದರೆ ಅಮೃತವೂ ವಿಷವೆಂಬ ಗಾದೆಗೆ ಇದಕ್ಕಿಂತ ನೇರವಾದ ಯಾಂತ್ರಿಕ ದೃಷ್ಟಾಂತ ದೊರೆಯುವುದು ಕಷ್ಟ.

ಹಾಗಾದರೆ ಕೀಲೆಣ್ಣೆಯೇ ಬೇಡವೆ? ಅದು ಕೀಲಿನ ನೆಲೆಯನ್ನು ಅವಲಂಬಿಸಿದೆ. ತೆರೆದ ಬಟ್ಟಲಿನಲ್ಲಿ ಆಡುವ ಪಿನ್ನನ್ನು ಮುಚ್ಚುವ ಉಪಾಯವಿಲ್ಲ. ಧೂಳಿನ ನೆಲದಲ್ಲಿ ಅದನ್ನು ಒಣದಾಗಿಯೇ ಬಿಡುವುದು, ಇಲ್ಲವೆ ದ್ರಾವಕ ಆರಿದ ಮೇಲೆ ಟೆಫ್ಲಾನಿನ ಒಣಪದರವನ್ನು ಮಾತ್ರ ಉಳಿಸುವ ಲೇಪವನ್ನು ಬಳಸುವುದು ಲೇಸು. ಯೂನಿವರ್ಸಲ್ ಕೀಲಿನ ಉರುಳೆ ಮತ್ತು ಪಿನ್ನುಗಳು ಒಳಗಡೆ ಅಡಗಿರುವುದರಿಂದ, ಅವಕ್ಕೆ ಮಾಲಿಬ್ಡಿನಮ್ ಡೈಸಲ್ಫೈಡ್ ಬೆರೆಸಿದ ಗ್ರೀಸನ್ನು ತೆಳ್ಳಗೆ ಸವರಬಹುದು. ಈ ವಸ್ತುವಿನ ಹರಳುಗಳು ಇಸ್ಪೀಟೆಲೆಗಳಂತೆ ಪದರ ಪದರವಾಗಿ ಜಾರುವುದರಿಂದ, ಎಣ್ಣೆಯ ಪದರ ಹರಿದೆಡೆಯಲ್ಲಿಯೂ ಲೋಹವನ್ನು ಕಾಯುತ್ತವೆ. ಕೀಲಿನ ಮೇಲೆ ಶಾಖಕ್ಕೆ ಕುಗ್ಗುವ ಪ್ಲಾಸ್ಟಿಕ್ ಕೊಳವೆಯನ್ನು ತೊಡಿಸಿದರೆ ಧೂಳಿಗೂ ತಡೆ, ಪಿನ್ನಿಗೂ ಭದ್ರತೆ. ಸಿಲಿಕೋನ್ ಗ್ರೀಸ್ ಇಲ್ಲಿ ತಕ್ಕುದಲ್ಲ. ಉಕ್ಕಿನ ಮೇಲೆ ಉಕ್ಕು ಜಾರುವೆಡೆಯಲ್ಲಿ ಅದರ ರಕ್ಷಣೆ ದುರ್ಬಲ. ಆದರೆ ಗುಂಡುಗಳ ಹಿಡಿತದಿಂದಲೇ ಶಕ್ತಿಯನ್ನು ಸಾಗಿಸುವ ಡಿಫರೆನ್ಷಿಯಲ್‌ನಲ್ಲಿ ಗುಂಡುಗಳಿಗೆ ಅದನ್ನೇ ಹಚ್ಚುವ ರೂಢಿಯಿದೆ. ಒಂದೆಡೆಯ ದೋಷ ಇನ್ನೊಂದೆಡೆ ಗುಣವಾಗುವುದನ್ನು ಇಲ್ಲಿ ಕಾಣಬಹುದು.

ಕ್ರಮವೂ ಮುಖ್ಯ. ಹಳೆಯ ಗ್ರೀಸಿನ ಮೇಲೆ ಹೊಸದನ್ನು ಹಾಕುವುದೆಂದರೆ ಸಾಣೆಯ ಲೇಪವನ್ನು ಹೆಚ್ಚಿಸಿದಂತೆಯೇ. ಕೀಲನ್ನು ಬಿಚ್ಚಿ ತೊಳೆದು ಒಣಗಿಸಬೇಕು. ತೊಳೆಯುವ ದ್ರಾವಕ ಪಕ್ಕದ ಬೇರಿಂಗಿನೊಳಕ್ಕೆ ಹರಿದರೆ ಅಲ್ಲಿ ಇರಬೇಕಾದ ಗ್ರೀಸೂ ಕರಗಿಹೋಗುತ್ತದೆ. ಪಿನ್ನನ್ನು ಹಿಡಿಯುವ ಸಣ್ಣ ತಿರುಪಿಗೆ ಎಣ್ಣೆಯ ಸೋಂಕಿದ್ದರೆ ತಿರುಪನ್ನು ಬಿಗಿಹಿಡಿಯುವ ಅಂಟು ಕಚ್ಚದು. ಪಿನ್ನು ಓಟದ ನಡುವೆ ಕಳಚಿ ಬೀಳುವ ಸಂಭವವಿದೆ.

ವಿದ್ಯಾರ್ಥಿಗಳು ಈ ಮಾತನ್ನು ಪ್ರಯೋಗದಿಂದಲೇ ಪರೀಕ್ಷಿಸಬಹುದು. ಒಂದೇ ಬಗೆಯ ಎರಡು ಪಿನ್ನುಗಳನ್ನು ಮೈಕ್ರೋಮೀಟರಿನಿಂದ ಅಳೆದು, ವಾಹನದ ಎಡಗಡೆಯ ತೆರೆದ ಕೀಲಿಗೆ ಗ್ರೀಸ್ ತುಂಬಿ, ಬಲಗಡೆಯದನ್ನು ಒಣದಾಗಿ ಬಿಟ್ಟು, ಧೂಳಿನ ನೆಲದಲ್ಲಿ ಕೆಲವು ಗಂಟೆ ಓಡಿಸಿ, ಮತ್ತೆ ಅಳೆಯಲಿ. ಎರಡು ಬದಿಗಳನ್ನು ಅದಲು ಬದಲು ಮಾಡಿ ಇನ್ನೊಮ್ಮೆ ನೋಡಲಿ. ಎಣ್ಣೆ ಹಾಕುವ ಮುನ್ನ ಚಲನೆ ಎಂಥದು, ನೆಲೆ ಎಂಥದು ಎಂದು ಕೇಳುವ ಅಭ್ಯಾಸ ಇದರಿಂದ ಬೆಳೆದರೆ, ಈ ಆಟಿಕೆಯಿಂದ ಕಲಿತದ್ದು ದೊಡ್ಡ ಯಂತ್ರಗಳ ಮುಂದೆಯೂ ಉಪಯೋಗಕ್ಕೆ ಬಂದೀತು.